ಮಾತು ಬಿಟ್ಟವರ ದೋಣಿ ವಿಹಾರ

ಹೊರಡುವ ಮುಂಜಾನೆಯೇ ನನ್ನ ಷಡ್ಡಕ ಜ್ವರ ಹಿಡಿದು ಮಲಗಿದ. ಮೈ ಕೆಂಡದಂತೆ ಸುಡುತ್ತಿದೆ, ಇವತ್ತು ದೋಣಿ ಹತ್ತುವ ಮಾತೇ ಇಲ್ಲ ಎಂದು ಹೊನ್ನಾವರದಿಂದ ಅವನ ಹೆಂಡತಿ ಫೋನ್ ಮಾಡಿದಾಗ ನಾನು ಸವಣೂರಿನಲ್ಲಿ ಗಿರಾಕಿಗಳ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡಿದ್ದೆ. ಒಳಗಿನಿಂದ ಒಂದೊಂದೇ ಚೀಲ ಹೊರಗೆ ಬರುತ್ತಿತ್ತು. ಎಲ್ಲ ಅಲ್ಲೇ ಬಿಟ್ಟು ಸೀದಾ ಹಾನಗಲ್ಲಿಗೆ ಗಾಡಿ ತಿರುಗಿಸಿಬಿಡೋಣ ಅನ್ನಿಸಿತು. ತಿರುಗಿಸಿದ್ದರೆ ನನ್ನ ಜೀವ ಅಷ್ಟು ಹೈರಾಣಾಗುತ್ತಿರಲಿಲ್ಲ.

ಹಾನಗಲ್ಲಿನಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಸಮುದ್ರದ ಕಡೆಗೆ ನನ್ನನ್ನು ಎಳೆದದ್ದು ಈ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಮರಳು ಸಾಗಿಸುತ್ತಿದ್ದ ಅವನ ಹಳೆಯ ಮರದ ದೋಣಿ ಕೆಲಸವಿಲ್ಲದೆ ದಂಡೆಗೆ ಬಿದ್ದಿತ್ತು. ಇಬ್ಬರೂ ಕೂಡಿ ಅದಕ್ಕೆ ತಗಡಿನ ಮಾಡು ಹಾಕಿದೆವು, ಗಂಡ ಹೆಂಡತಿ ಮಲಗುವಷ್ಟು ಹಲಗೆ ಬಡಿದು ಪರದೆ ಕಟ್ಟಿದೆವು, ನಡುವೆ ಒಂದು ಗ್ಯಾಸ್ ಒಲೆ ಇಟ್ಟೆವು. ನಮ್ಮ ಕಡೆ ಹೊಳೆಯಿಂದ ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ನನ್ನೇ ಹಿಂಬದಿಗೆ ಕೂರಿಸಿದೆವು. ಮಳೆಗಾಲ ಮುಗಿದ ಮೇಲೆ ಶರಾವತಿ ಸಮುದ್ರ ಸೇರುವ ಮುಂಚೆ ಹರಡಿಕೊಂಡ ನೀರಿನಲ್ಲಿ, ನಡುಗಡ್ಡೆಗಳ ಸಂದಿಯಲ್ಲಿ, ಎರಡು ದಿನ ಆರಾಮಾಗಿ ತಿರುಗಾಡಿಸಿ ತರುತ್ತೇವೆ. ಅವಸರ ಇದ್ದವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ದೋಣಿಯಲ್ಲಿ ಕೆಲಸದ ಹಂಚಿಕೆ ಹೀಗೆ. ಷಡ್ಡಕ ಮುಂಬದಿಯಲ್ಲಿ ಬಿದಿರಿನ ಗಳ ಹಿಡಿದು ನೀರಿನ ಆಳ ನೋಡುತ್ತಾನೆ. ನಾನು ಹಿಂದೆ ಎಂಜಿನ್ನು, ಚುಕ್ಕಾಣಿ ನೋಡಿಕೊಳ್ಳುತ್ತೇನೆ. ಎಂಜಿನ್ ಹೊಡೆತಕ್ಕೆ ಹಿಂದಿನವನ ಕೂಗು ಮುಂದಿನವನಿಗೆ ಕೇಳುವುದಿಲ್ಲ, ಮುಂದಿನವನದು ಹಿಂದಿನವನಿಗೆ ಕೇಳುವುದಿಲ್ಲ. ಅದಕ್ಕೆ ನಡುವೆ ಕೂತ ಗಿರಾಕಿ ಅಲ್ಲಿಂದಿಲ್ಲಿಗೆ ಮಾತು ದಾಟಿಸಬೇಕು. ಬಂದವರಿಗೆ ಇದೊಂದು ಆಟದಂತೆ ಇರುತ್ತದೆ, ಖುಷಿಯಿಂದ ಮಾಡುತ್ತಾರೆ.

ಈ ಗಿರಾಕಿಗಳ ಕಥೆಯೇ ಬೇರೆ. ಸವಣೂರಿನಲ್ಲಿ ಅವರದು ಖಾರದ ಅಂಗಡಿ, ಸೇವು ಚೂಡಾ ಕರಿದು ಮಾರುತ್ತಾರೆ. ಹಿಟ್ಟು ಕಲಸುವ ಮಷೀನಿನ ಮೋಟಾರು ಕೆಟ್ಟಾಗಲೆಲ್ಲ ನನಗೇ ಫೋನ್ ಬರುತ್ತಿತ್ತು, ಹಾಗಾಗಿ ಪರಿಚಯ. ಪ್ರವಾಸಕ್ಕೆ ಕೆಲವು ದಿನ ಮುಂಚೆ ಅವರ ಒಬ್ಬಳೇ ಮಗಳು ಹಾನಗಲ್ಲಿಗೆ ನನ್ನ ಅಂಗಡಿಗೇ ಬಂದಳು. ಗ್ರೀಸು ಹತ್ತಿದ ಸ್ಟೂಲಿನ ಮೇಲೆ ಪೇಪರು ಹಾಸಿಕೊಂಡು ಕೂತು, ಯಾವ ಸುತ್ತು ಬಳಸೂ ಇಲ್ಲದೆ ಹೇಳಿದಳು.

“ಅಣ್ಣಾರ, ನಮ್ಮ ಅಪ್ಪ ಅವ್ವ ಒಬ್ಬರಿಗೊಬ್ಬರು ಮಾತಾಡೂದಿಲ್ರಿ. ನಾ ಹೈಸ್ಕೂಲಿಗೆ ಹೋಗಾಕತ್ತಾಗಿಂದ ಮಾತು ಬಿಟ್ಟಾರ. ಇಬ್ಬರ ಮಾತೂ ನನ್ನ ಬಾಯಿಲೆ ಹಾಯ್ದು ಹೋಗ್ತಾವು. ಮುಂದಿನ ತಿಂಗಳ ನನ್ನ ಮದುವಿ ಐತಿ, ಹಂಸಭಾವಿಗೆ ಹೋಗ್ತೇನಿ. ನಾ ಹ್ವಾದ ಮ್ಯಾಲ ಆ ಮನ್ಯಾಗ ಮಾತು ದಾಟ್ಸೋರು ಯಾರದಾರ್ರಿ?”

ನಮ್ಮ ಕಡೆ ಮಾತು ಬಿಡುವುದು ದೊಡ್ಡ ಸುದ್ದಿಯಲ್ಲ. ಅಣ್ಣ ತಮ್ಮಂದಿರು ಬಿಡುತ್ತಾರೆ, ಅತ್ತೆ ಸೊಸೆ ಬಿಡುತ್ತಾರೆ. ಒಂದೇ ಮನೆಯಲ್ಲಿ ಉಣ್ಣುತ್ತಾರೆ, ಜಡ್ಡಾದರೆ ಆರೈಕೆ ಮಾಡುತ್ತಾರೆ, ಹಬ್ಬಕ್ಕೆ ಹೊಸ ಬಟ್ಟೆ ತಂದಿಡುತ್ತಾರೆ, ನೇರ ಮಾತು ಮಾತ್ರ ಇಲ್ಲ. ನಡುವೆ ಇದ್ದವರಿಗೆ ಹೇಳುತ್ತಾರೆ, ಅವರು ದಾಟಿಸುತ್ತಾರೆ. ಯಾರೂ ಇಲ್ಲದಿದ್ದರೆ ಗೋಡೆಗೋ ಬೆಕ್ಕಿಗೋ ಹೇಳುತ್ತಾರೆ, ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ಇವರ ಮನೆಯಲ್ಲಿ ಕಾರಣ ಆದದ್ದು ಮಸಾಲೆ. ಆ ಅಂಗಡಿಯ ಖಾರಕ್ಕೆ ಬೀಳುವ ಮಸಾಲೆ ಹೆಂಡತಿ ತವರಿನಿಂದ ಕಲಿತು ತಂದದ್ದು, ಗಂಡ ಹೆಂಡತಿ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಂಡನ ತಮ್ಮ ಶಿಗ್ಗಾವಿಯಲ್ಲಿ ಅಂಗಡಿ ತೆಗೆದಾಗ ಗಂಡ ಅವಳನ್ನು ಒಂದು ಮಾತು ಕೇಳದೆ ಅದನ್ನು ಅವನಿಗೆ ಹೇಳಿಕೊಟ್ಟಿದ್ದ. ಅಂದಿನಿಂದ ಆಕೆ ಬಾಯಿಗೆ ಬೀಗ ಹಾಕಿದ್ದು ಹಾಕಿದ್ದೇ.

ಮಗಳ ಲೆಕ್ಕಾಚಾರ ಸರಳ. ಸುತ್ತ ನೀರು, ಮನೆಯವರು ಯಾರೂ ಇಲ್ಲ, ಎರಡು ದಿನ. ಮೂರನೆಯವರ ಬಾಯಿ ಸಿಗದಿದ್ದರೆ ತಾವೇ ಬಾಯಿ ಬಿಡಲೇಬೇಕು. ನಾನಾಗಲಿ ಷಡ್ಡಕನಾಗಲಿ ಅವರ ಒಂದೇ ಒಂದು ಮಾತನ್ನೂ ದಾಟಿಸಬಾರದು ಎಂದು ಆಕೆ ನನ್ನಿಂದ ಭಾಷೆ ತೆಗೆದುಕೊಂಡಳು. ಸುಮ್ಮನಿರುವುದು ಏನು ಮಹಾ ಕೆಲಸ ಎಂದು ನಾನು ನಕ್ಕು ಒಪ್ಪಿದೆ.

ಗಾಡಿಯಲ್ಲಿ ಅಂಗಡಿಯ ಸಾಹುಕಾರರು ಮುಂದೆ ನನ್ನ ಪಕ್ಕ ಕೂತರು, ಅವರ ಹೆಂಡತಿ ಅಕ್ಕಾವರು ಹಿಂದೆ. ಹಾನಗಲ್ಲು ದಾಟುವಷ್ಟರಲ್ಲೇ ಶುರುವಾಯಿತು. ಗಾಡಿಯಲ್ಲಿ ವಾಂತಿ ಬರುವಂತಿದೆಯೇನು ಅಂತ ಆಕೆಯನ್ನು ಕೇಳಿ ಎಂದು ಸಾಹುಕಾರರು ನನಗೆ ಹೇಳಿದರು. ಆಕೆ ಅವರ ಬೆನ್ನಿಗೇ ಕೂತಿದ್ದಾರೆ, ಕೈ ಚಾಚಿದರೆ ಹೆಗಲು ಸಿಗುತ್ತದೆ. ನಾನು ರಸ್ತೆ ನೋಡುತ್ತಾ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ, ಇವರು ಮುಂಜಾನೆಯ ಬಿಪಿ ಗುಳಿಗೆ ನುಂಗಿದ್ದಾರೇನು ಕೇಳಿ ಎಂದು ಬಂತು. ಅದಕ್ಕೂ ಸುಮ್ಮನಿದ್ದೆ. ಶಿರಸಿ ಮುಟ್ಟುವಷ್ಟರಲ್ಲಿ ಇಬ್ಬರೂ ನನ್ನ ಮೇಲೆ ಮುನಿಸಿಕೊಂಡಿದ್ದರು. ಮಿಸ್ತ್ರಿಗೆ ಕಿವಿ ಮಂದವಾದಂತಿದೆ ಎಂದು ಸಾಹುಕಾರರು ಚಹಾದಂಗಡಿಯವನ ಹತ್ತಿರ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು.

ಮಧ್ಯಾಹ್ನ ದೋಣಿ ಹತ್ತಿದೆವು. ಷಡ್ಡಕನ ಜಾಗಕ್ಕೆ ಜನ ಬೇಕಲ್ಲ. ಸಾಹುಕಾರರು ತಾವೇ ಮುಂದೆ ಬಂದರು. ಚಿಕ್ಕಂದಿನಲ್ಲಿ ಸವಣೂರಿನ ಮೋತಿ ತಲಾಬಿನಲ್ಲಿ ಈಜಿ ಬೆಳೆದವರಂತೆ, ನೀರಿನ ವಿಷಯ ಅವರಿಗೆ ಹೇಳಿಕೊಡಬೇಕಾಗಿಲ್ಲವಂತೆ. ಗಳಕ್ಕೆ ಬಳಿದ ಕೆಂಪು ಪಟ್ಟಿ ತೋರಿಸಿ, ಗಳ ತಳ ಮುಟ್ಟಿದಾಗ ಈ ಪಟ್ಟಿ ನೀರಿನ ಮೇಲೆ ಕಂಡರೆ ಕೂಗಬೇಕು ಎಂದು ಹೇಳಿಕೊಟ್ಟೆ. ಹಗ್ಗ ಎಸೆಯುವುದು, ಕಂಬಕ್ಕೆ ಸುತ್ತುವುದು ತೋರಿಸಿದೆ. ಆಮೇಲೆ ಒಲೆಯ ಹತ್ತಿರ ಕೂತಿದ್ದ ಅಕ್ಕಾವರಿಗೆ, ಸಾಹುಕಾರರು ಅಂದದ್ದನ್ನು ನನಗೆ ಹೇಳಿರಿ, ನಾನು ಅಂದದ್ದನ್ನು ಅವರಿಗೆ ಹೇಳಿರಿ ಎಂದೆ. ಬಾಯಿಯಿಂದ ಹೊರಗೆ ಬಿದ್ದ ಮೇಲೆಯೇ ನಾನೇನು ಅಂದೆ ಎಂದು ನನಗೆ ಹೊಳೆದದ್ದು. ಆಕೆ ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು.

ಮೊದಲನೇ ತಿರುವಿನಲ್ಲೇ ಎಡವಟ್ಟಾಯಿತು. ಎಡಕ್ಕೆ ನೂಕಿರಿ ಎಂದು ನಾನು ಕೂಗಿದೆ. ಅಕ್ಕಾವರು ಕೇಳಿಸಿಕೊಂಡರು, ಕೇಳಿಸಿಕೊಂಡು ಉಪ್ಪುನೀರಿನಲ್ಲೇ ಬೇರೂರಿದ ಕಾಂಡ್ಲಾ ಗಿಡಗಳ ಮೇಲೆ ಕೂತ ಬೆಳ್ಳಕ್ಕಿ ನೋಡುತ್ತಾ ಕೂತರು. ಮುಂದೆ ಸಾಹುಕಾರರು ಕೆಂಪು ಪಟ್ಟಿ ಕಂಡಿತು, ಕೆಂಪು ಪಟ್ಟಿ ಕಂಡಿತು ಎಂದು ಆಕಾಶಕ್ಕೆ ಹೇಳುತ್ತಿದ್ದರಂತೆ. ದೋಣಿ ಮರಳಿಗೆ ಹತ್ತಿ ನಿಂತಿತು. ಎಂಜಿನ್ ಬಂದ್ ಮಾಡಿ, ಲುಂಗಿ ಎತ್ತಿಕಟ್ಟಿ ನೀರಿಗಿಳಿದು, ಹೆಗಲು ಕೊಟ್ಟು ನೂಕಿದೆ. ಮೇಲೆ ಇಬ್ಬರೂ ಒಂದೊಂದು ದಿಕ್ಕಿಗೆ ಮುಖ ಮಾಡಿ ಗಾಳಿ ತೆಗೆದುಕೊಳ್ಳುತ್ತಿದ್ದರು. ಮೈಯೆಲ್ಲ ಉರಿದುಹೋಯಿತು.

ಮುಂದಿನ ತಿರುವು ಬಂದಾಗ ಎಡಕ್ಕೆ ಎಂದು ಕೂಗಿ, ಏನು ಬೇಕಾದರೂ ಆಗಲಿ ಎಂದು ಚುಕ್ಕಾಣಿ ಹಿಡಿದುಕೊಂಡೆ. ಅಕ್ಕಾವರು ಸೌಟು ತೆಗೆದು ಹಿಟ್ಟು ನಾದುವ ಪರಾತಕ್ಕೆ ಟಣ್ ಎಂದು ಒಂದು ಏಟು ಹಾಕಿದರು. ಮುಂದೆ ಸಾಹುಕಾರರು ತಿರುಗಿ ಕೂಡ ನೋಡದೆ ಗಳವನ್ನು ಎಡಕ್ಕೆ ಹಾಕಿ ನೂಕಿದರು. ಬಲಕ್ಕೆ ಅಂದಾಗ ಎರಡು ಏಟು. ಸಾಹುಕಾರರು ಬಲಕ್ಕೆ ನೂಕಿದರು. ಕೆಂಪು ಪಟ್ಟಿ ಕಂಡಾಗ ಅವರು ಗಳದಿಂದ ಹಲಗೆ ಕುಟ್ಟಿದರು, ಅಕ್ಕಾವರು ನನ್ನ ಕಡೆ ತಿರುಗಿ, ನೀರು ಕಡಿಮೆ ಐತಂತ ಎಂದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇಷ್ಟು ಚಂದ ಒಬ್ಬರನ್ನೊಬ್ಬರು ತಿಳಿದುಕೊಳ್ಳುವವರು ಬಾಯಿ ಬಿಟ್ಟು ಎರಡು ಮಾತಾಡಿದರೆ ಗಂಟೇನು ಹೋಗುತ್ತಿತ್ತು ಎಂದು ನಾನು ಹಲ್ಲು ಕಡಿದೆ. ಆದರೂ ದೋಣಿ ಸರಿಯಾಗಿ ನಡೆಯಿತು, ಅದನ್ನು ಒಪ್ಪಬೇಕು.

ಉಳಿದದ್ದೆಲ್ಲ ಹೀಗೇ. ಚಹಾ ಆಯಿತು, ಇವರಿಗೆ ಕೊಡಿ ಎಂದು ಲೋಟ ನನ್ನ ಕಡೆ ಚಾಚುತ್ತಾರೆ. ಚುಕ್ಕಾಣಿ ಬಿಟ್ಟು ಬರಲಾಗುವುದಿಲ್ಲ ಎನ್ನುತ್ತೇನೆ. ಚಹಾ ಹಲಗೆಯ ಮೇಲೆ ಕೂತು ಆರುತ್ತದೆ. ಸಾಹುಕಾರರು ಅದನ್ನು ನೋಡುತ್ತಾರೆ, ಎದ್ದು ಬಂದು ತೆಗೆದುಕೊಳ್ಳುವುದಿಲ್ಲ. ಸೂರ್ಯ ಮುಳುಗುವಾಗ ನೀರೆಲ್ಲ ಕೆಂಪಾಯಿತು, ಎಷ್ಟು ಚಂದ ಐತಿ ನೋಡ್ರಿ ಎಂದು ಸಾಹುಕಾರರು ನನಗೆ ಅಂದರು, ಚಂದ ಐತಿ ನೋಡ್ರಿ ಎಂದು ಅಕ್ಕಾವರೂ ನನಗೇ ಅಂದರು. ಇಬ್ಬರ ನಡುವೆ ನಾನು ತಲೆಯಾಡಿಸುತ್ತಾ ಕೂತೆ. ಮಗಳಿಗೆ ಕೊಟ್ಟ ಭಾಷೆ ನೆನಪಾಗಿ ತುಟಿ ಕಚ್ಚಿಕೊಂಡೆ.

ಮರುದಿನ ಹೊತ್ತೇರಿದ ಮೇಲೆ ಎಂಜಿನ್ ಕಾಯತೊಡಗಿತು. ಹೊಲದಲ್ಲಾದರೆ ಪಂಪು ಎತ್ತಿದ ನೀರೇ ಒಂದು ಪೈಪಿನಿಂದ ಎಂಜಿನ್ನಿನೊಳಗೆ ಸುತ್ತಿ ಅದನ್ನು ತಣ್ಣಗಿಡುತ್ತದೆ. ಇಲ್ಲಿ ಹೊಳೆಯ ನೀರು ಉಪ್ಪು, ಒಳಗೆ ಬಿಟ್ಟರೆ ಕಬ್ಬಿಣವನ್ನು ತಿಂದುಹಾಕುತ್ತದೆ. ಅದಕ್ಕೆ ನಾನು ಒಂದು ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ಇಟ್ಟು, ಅದೇ ನೀರು ಸುತ್ತಿ ಸುತ್ತಿ ಬರುವಂತೆ ಮಾಡಿದ್ದೇನೆ. ಈಗ ಮುಚ್ಚಳ ತೆಗೆದು ನೋಡಿದರೆ ಡ್ರಮ್ಮಿನ ತಳ ಕಾಣುತ್ತಿತ್ತು. ಅಕ್ಕಾವರು ಹಿಂದಿನ ಸಂಜೆಯಿಂದ ಅದರಲ್ಲೇ ಅಕ್ಕಿ ತೊಳೆದು, ಪಾತ್ರೆ ಬೆಳಗಿ, ಮುಂಜಾನೆ ಎದ್ದು ಎರಡು ಸೀರೆಯನ್ನೂ ಒಗೆದು ಮಾಡಿನ ತಂತಿಗೆ ಹರವಿದ್ದರು. ಇನ್ನು ಸ್ವಲ್ಪ ಹೊತ್ತು ಓಡಿಸಿದ್ದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಗುಜರಿಗೆ ಹೋಗುತ್ತಿತ್ತು.

ಹೊರಡುವಾಗಲೇ ನಾನು ಸಾಹುಕಾರರಿಗೆ ಹೇಳಿದ್ದೆ, ಡ್ರಮ್ಮಿನ ನೀರು ಮುಟ್ಟಬಾರದು, ಅಕ್ಕಾವರಿಗೂ ತಿಳಿಸಿಬಿಡಿ ಎಂದು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಹೇಳಿದ್ದೇನಲ್ಲ ಎಂದರು. ಯಾರಿಗೆ? ಮಾಡಿನ ಕಂಬಕ್ಕೆ. ಆಕೆ ಅಲ್ಲೇ ಕೂತಿದ್ದಳು, ಕೇಳಿಸಿರಬೇಕು. ಅಕ್ಕಾವರು ತಮ್ಮ ಹತ್ತಿರ ಯಾರೂ ಏನೂ ಹೇಳಿಲ್ಲ, ಬೇಕಾದರೆ ಆ ಕಂಬವನ್ನೇ ಕೇಳಿ ಎಂದರು. ನನಗೆ ಪಿತ್ತ ನೆತ್ತಿಗೇರಿತು. ಏನಾದರೂ ಅಂದುಬಿಟ್ಟೇನೆಂದು ಎಂಜಿನ್ ಬಂದ್ ಮಾಡಿ, ನಾನೇ ಗಳ ಹಿಡಿದು, ಹತ್ತಿರದ ನಡುಗಡ್ಡೆಯಲ್ಲಿ ದೋಣಿ ಕಟ್ಟುವ ಹಳೇ ಕಲ್ಲಿನ ಧಕ್ಕೆಯ ತನಕ ದೋಣಿ ನೂಕಿ ತಂದೆ.

ಆ ಹೊತ್ತಿಗೆ ಉಬ್ಬರ ತುಂಬಿತ್ತು, ನೀರು ಧಕ್ಕೆಯ ಮೇಲಿನ ಮೆಟ್ಟಿಲಿಗೆ ತಾಗುತ್ತಿತ್ತು. ಸಾಹುಕಾರರು ಧಕ್ಕೆಗೆ ಜಿಗಿದು ಮುಂದಿನ ಹಗ್ಗ ಒಂದು ಕಂಬಕ್ಕೆ, ಹಿಂದಿನ ಹಗ್ಗ ಇನ್ನೊಂದು ಕಂಬಕ್ಕೆ ಕಟ್ಟಿದರು. ಖಾರದ ಪೊಟ್ಟಣ ಕಟ್ಟಿ ಪಳಗಿದ ಕೈ, ಎಳೆದು ಬಿಗಿದು ಗಂಟಿನ ಮೇಲೆ ಗಂಟು. ದೋಣಿ ಕಲ್ಲಿಗೆ ಅಂಟಿಕೊಂಡಂತೆ ನಿಂತಿತು. ಮೋತಿ ತಲಾಬಿನಲ್ಲಾದರೆ ಅದು ಸರಿಯಾದ ಕಟ್ಟೇ, ಅಲ್ಲಿನ ನೀರು ಇದ್ದಲ್ಲೇ ಇರುತ್ತದೆ. ಇಲ್ಲಿಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಳಿತ ಶುರುವಾದ ಮೇಲೆ ಹಗ್ಗ ಸಡಿಲ ಬಿಡುತ್ತಾ ಹೋಗಬೇಕು, ಇಲ್ಲದಿದ್ದರೆ ನೀರು ಕೆಳಗೆ ಹೋಗುತ್ತದೆ, ದೋಣಿ ಹಗ್ಗಕ್ಕೆ ಜೋತು ಬೀಳುತ್ತದೆ.

ಇದನ್ನು ಹೇಳಲು ಸಾಹುಕಾರರ ಕಡೆ ಬಾಯಿ ತೆರೆದೆ. ತೆರೆದು, ಮುಚ್ಚಿದೆ. ಎರಡು ದಿನದ ಸಿಟ್ಟೆಲ್ಲ ಒಟ್ಟಾಗಿ ನನಗೆ ಒಂದು ಹಟ ಬಂತು. ನಾಳೆ ಮುಂಜಾನೆ ಇವರನ್ನು ಸವಣೂರಿನಲ್ಲಿ ಇಳಿಸುವವನು ನಾನು, ಬಾಗಿಲಲ್ಲಿ ನಿಂತು ನನ್ನ ಮುಖ ನೋಡುವವಳು ಆ ಹುಡುಗಿ. ಖಾಲಿ ಕ್ಯಾನುಗಳನ್ನು ಎತ್ತಿಕೊಂಡು ಬೇಕೆಂದೇ ಅಕ್ಕಾವರ ಹತ್ತಿರ ಹೋದೆ.

“ಅಕ್ಕಾರ, ನಾ ಸಿಹಿನೀರು ತರಾಕ ಹೊಂಟೇನಿ. ಇನ್ನ ಸ್ವಲ್ಪ ಹೊತ್ತಿಗೆ ನೀರು ಇಳಿಯಾಕ ಹತ್ತತೈತಿ. ಎರಡೂ ಹಗ್ಗ ಸಡ್ಲ ಬಿಡಬೇಕು. ಸಾವ್ಕಾರ್ರಿಗೆ ನೀವ ಹೇಳ್ರಿ. ಹೇಳಲಿಲ್ಲಂದ್ರ ದೋಣಿ ಮಗಚತೈತಿ.”

ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಾಹುಕಾರರು ಆಗಲೇ ಮುಂಬದಿಯಲ್ಲಿ ಟವೆಲ್ ಮುಖದ ಮೇಲೆ ಹಾಕಿಕೊಂಡು ಅಡ್ಡಾಗಿದ್ದರು. ದೋಣಿ ನನ್ನದು ಮತ್ತು ಷಡ್ಡಕನದು, ಅದರ ಮೇಲೆ ಇಬ್ಬರ ಮನೆ ನಡೆಯುತ್ತದೆ. ಅದನ್ನು ಒತ್ತೆಯಿಟ್ಟು ನಾನು ಉಬ್ಬರದ ಉಪ್ಪುನೀರು ಹೊಗುವ ಗಜನಿ ಗದ್ದೆಯ ಬದುವಿನ ಮೇಲೆ ನಡೆದುಬಿಟ್ಟೆ. ಹೋಗಿ ಬರುವುದಕ್ಕೆ ಎಷ್ಟು ಹೊತ್ತಾದೀತು, ನೀರು ಅಷ್ಟರಲ್ಲಿ ಎಷ್ಟು ಇಳಿದೀತು ಎಂದು ನನ್ನಷ್ಟಕ್ಕೆ ಅಂದಾಜು ಹಾಕಿಕೊಂಡಿದ್ದೆ.

ಅಂದಾಜು ಹಳ್ಳ ಹಿಡಿಯಿತು. ಮೊದಲು ಸಿಕ್ಕ ಬಾವಿಯ ನೀರು ಸವಳು. ಸಿಹಿನೀರಿನ ಬಾವಿ ನಡುಗಡ್ಡೆಯ ಆ ತುದಿಗಿದೆ ಎಂದರು. ಅಲ್ಲಿ ಒಬ್ಬ ಮುದುಕಿ ತನ್ನ ಕೊಡಗಳೆಲ್ಲ ತುಂಬುವ ತನಕ ಹಗ್ಗ ಬಿಟ್ಟುಕೊಡಲಿಲ್ಲ. ನಾನು ಸೇದಿ ತುಂಬಿ ಎರಡು ಕೈಗೂ ಕ್ಯಾನು ತೂಗಿಸಿಕೊಂಡು ವಾಪಸ್ ಬರುವಾಗ ಗದ್ದೆಯ ಪಕ್ಕದ ಕಾಲುವೆಯಲ್ಲಿ ನೀರು ಆಗಲೇ ಹೋಗಿ ಕೆಸರು ಕಾಣುತ್ತಿತ್ತು. ಅಷ್ಟರಲ್ಲಿ ದೂರದಿಂದ ಟಣ್ ಟಣ್ ಟಣ್ ಎಂದು ಸೌಟಿನ ಸದ್ದು, ಎಡೆಬಿಡದೆ. ಕ್ಯಾನುಗಳನ್ನು ಬದುವಿನ ಮೇಲೇ ಬಿಟ್ಟು ಓಡಿದೆ.

ಧಕ್ಕೆಯ ಕಡೆಗಿನ ಮಗ್ಗುಲು ಹಗ್ಗಕ್ಕೆ ಜೋತು ಮೇಲೆದ್ದಿತ್ತು, ಹೊಳೆಯ ಕಡೆಗಿನ ಮಗ್ಗುಲು ಕೆಳಗೆ ವಾಲಿ ಅಂಚಿನಿಂದ ನೀರು ಒಳಗೆ ಬರುತ್ತಿತ್ತು. ಪಾತ್ರೆಗಳು, ಖಾರದ ಡಬ್ಬಿಗಳು ಎಲ್ಲ ಆ ಕಡೆಗೆ ಉರುಳಿದ್ದವು. ಅಕ್ಕಾವರು ಮಾಡಿನ ಕಂಬವನ್ನು ತೋಳಲ್ಲಿ ಬಳಸಿಕೊಂಡು ಪರಾತ ಬಡಿಯುತ್ತಿದ್ದರು. ಸಾಹುಕಾರರು ನಿದ್ದೆಯಿಂದೆದ್ದವರು, ಓರೆಯಾದ ಹಲಗೆಯ ಮೇಲೆ ಕಾಲು ಊರಿ ನಿಂತು, ಸೌಟು ಹೇಳಿದಂತೆ ಗಳ ಹಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೂಕುತ್ತಿದ್ದರು. ಕಟ್ಟಿದ ದೋಣಿಯನ್ನು ಎಲ್ಲಿಗೆ ನೂಕುತ್ತೀರಿ ಎಂದು ನಾನು ಬದುವಿನಿಂದಲೇ ಕಿರುಚಿದೆ, ಅವರಿಗೆ ಕೇಳಲಿಲ್ಲ. ಪರಾತಕ್ಕೆ ಎಡ ಬಲ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ.

ಅಕ್ಕಾವರು ಸೌಟನ್ನು ಹೊಳೆಗೆ ಎಸೆದರು.

“ಹಗ್ಗ ಬಿಚ್ರೀ. ಎಡಾ ಬಲಾ ಅಲ್ಲ, ಹಗ್ಗ. ನೀರು ಇಳದೈತಿ, ಕಟ್ಟಿದ್ದು ಬಿಗಿ ಆಗೇತಿ.”

ಸಾಹುಕಾರರ ಕೈಯಿಂದ ಗಳ ಜಾರಿತು. ದೋಣಿ ಮುಳುಗುತ್ತಿದೆ, ಅವರು ಹೆಂಡತಿಯ ಮುಖ ನೋಡುತ್ತಾ ಬಾಯಿ ತೆರೆದುಕೊಂಡು ನಿಂತಿದ್ದಾರೆ. “ನನಗ ಅಂದೇನು?” ಎಂದು ಕೇಳಿದರು.

“ಮತ್ತ ಯಾರಿಗೆ ಅನ್ಲಿ? ಇಲ್ಲಿ ಮೂರನೇದವರು ಯಾರದಾರ?”

ಮೂರನೆಯವನು ನಾನು ಧಕ್ಕೆಯ ಮೇಲೆ ಬಂದು ಮುಟ್ಟಿದ್ದೆ. ನನ್ನನ್ನು ಯಾರೂ ನೋಡಲಿಲ್ಲ. ದೋಣಿಯ ಭಾರಕ್ಕೆ ಗಂಟು ಕಲ್ಲಾಗಿತ್ತು, ಬಿಚ್ಚುವ ಮಾತಿರಲಿಲ್ಲ. ಕಡಿಯಬೇಕು ಎಂದೆ. ಒಂದೇ ಹಗ್ಗ ಕಡಿದರೆ ಇನ್ನೊಂದು ತುದಿ ಜೋತುಕೊಂಡು ದೋಣಿ ತಿರುಚಿ ಬೀಳುತ್ತದೆ, ಎರಡನ್ನೂ ಒಟ್ಟಿಗೇ ಕಡಿಯಬೇಕು. ಹಿಂದಿನ ಹಗ್ಗಕ್ಕೆ ನಾನು ಕಿಸೆಯ ಚಾಕು ಹಿಡಿದೆ. ಅಕ್ಕಾವರು ತರಕಾರಿ ಹೆಚ್ಚುವ ಚಾಕುವನ್ನು ಗಂಡನ ಕೈಗೆ ಕೊಟ್ಟರು, ನೇರವಾಗಿ ಕೈಗೇ. ಇಬ್ಬರೂ ಅರ್ಧರ್ಧ ಕೊಯ್ದು ನಿಂತೆವು. ಈಗ ಕಡೀರಿ ಎಂದು ಆಕೆ ಅಂದಾಗ ಒಟ್ಟಿಗೆ ಕಡಿದೆವು. ದೋಣಿ ದಡಕ್ಕನೆ ಕೆಳಗೆ ಬಿತ್ತು, ಅತ್ತಿತ್ತ ಹೊಯ್ದಾಡಿ ನೆಟ್ಟಗೆ ನಿಂತಿತು. ಮೂವರೂ ಸೇರಿ ಖಾರದ ಡಬ್ಬಿಗಳಲ್ಲೇ ನೀರು ಮೊಗೆದು ಹೊರಗೆ ಚೆಲ್ಲಿದೆವು. ಚೆಲ್ಲಿ ಮುಗಿಯುವಷ್ಟರಲ್ಲಿ ತಳ ಕೆಸರಿಗೆ ಕೂತಿತ್ತು. ಸಂಜೆಯ ಉಬ್ಬರ ಬರುವ ತನಕ ಅಲ್ಲಿಂದ ಅಲುಗುವಂತಿರಲಿಲ್ಲ.

ಬಿಟ್ಟು ಬಂದ ಕ್ಯಾನು ತಂದು, ನಾನು ಎಂಜಿನ್ನಿನ ಹತ್ತಿರ ಕೂತೆ. ಒಳಗೆ ಉಪ್ಪು ನೀರು ಹೊಕ್ಕಿದೆಯೋ ಎಂದು ನೋಡಬೇಕಿತ್ತು. ಆಯಿಲ್ ಇಳಿಸಿ ಬೆರಳಿಗೆ ಹಚ್ಚಿ ನೋಡಬೇಕು, ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ಅರ್ಥ. ಪುಣ್ಯಕ್ಕೆ ಕರ್ರಗೇ ಇತ್ತು. ಏರ್ ಫಿಲ್ಟರ್ ಬಿಚ್ಚಿ ಒರೆಸಿ ಬಿಸಿಲಿಗಿಟ್ಟೆ, ಹೊರಗೆಲ್ಲ ಸಿಹಿನೀರಿನ ಬಟ್ಟೆ ಆಡಿಸಿದೆ. ಇಷ್ಟು ಕೆಲಸ ಮಾಡುವಾಗ ನನ್ನ ಕಿವಿಗೆ ಒಂದು ಕ್ಷಣದ ಬಿಡುವು ಸಿಗಲಿಲ್ಲ. ಎರಡು ದಿನ ಬಾಯಿ ಬಿಡದವರು ಈಗ ಬಾಯಿ ಮುಚ್ಚಲೊಲ್ಲರು. ಅಂಥ ಗಂಟು ಯಾರಾದರೂ ಹಾಕುತ್ತಾರೇನು ಎಂದು ಅಕ್ಕಾವರು, ನೀರು ಇಳಿಯುತ್ತದೆ ಅಂತ ಗೊತ್ತಿದ್ದೂ ಕೂತಿದ್ದೆಯಲ್ಲ ಎಂದು ಸಾಹುಕಾರರು. ಡ್ರಮ್ಮಿನ ಜಗಳ, ಕಂಬದ ಜಗಳ, ಗುಳಿಗೆಯ ಜಗಳ. ನನ್ನ ತಲೆ ಚಿಟ್ಟು ಹಿಡಿಯಿತು.

ಆಮೇಲೆ ಅಕ್ಕಾವರ ದನಿ ಇಳಿಯಿತು. ಶಿಗ್ಗಾವಿಗೆ ನನ್ನ ಮಸಾಲೆ ಕೊಡುವ ಮುಂಚೆ ನನ್ನನ್ನು ಒಂದು ಮಾತು ಯಾಕೆ ಕೇಳಲಿಲ್ಲ ಎಂದರು.

“ಕೇಳಿದ್ರ ನೀ ಬ್ಯಾಡ ಅಂತಿದ್ದಿ,” ಎಂದರು ಸಾಹುಕಾರರು.

“ಅಂತಿದ್ದೆ.”

“ಅದಕ್ಕ ಕೇಳಲಿಲ್ಲ.”

ಇಬ್ಬರೂ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದರು. ಮುಗಿಯಿತು, ಮತ್ತೆ ಬೀಗ ಬಿತ್ತು ಎಂದುಕೊಂಡು ನಾನು ಪಾನಾ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಸಾಹುಕಾರರು, ಹೋದ ಯುಗಾದಿಗೆ ನೀನು, ಸಿಟ್ಟು ಇಳಿದಿದೆ, ಇನ್ನು ಸ್ವಲ್ಪ ದಿನ ತಡೆಯಿರಿ ಅಂತ ಮಗಳ ಕೈಯಲ್ಲಿ ಹೇಳಿ ಕಳಿಸಿದ್ದೆಯಲ್ಲ, ಅಂದಿನಿಂದ ತಡೆದುಕೊಂಡೇ ಇದ್ದೇನೆ ಎಂದರು. ತಾನು ಹಾಗೆ ಹೇಳಿಯೇ ಇಲ್ಲ ಎಂದು ಅಕ್ಕಾವರು. ಮಗಳ ಸುಳ್ಳುಗಳು ಒಂದೊಂದಾಗಿ ಹೊರಗೆ ಬಂದವು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳು ಅಂತ ಸಾಹುಕಾರರು ಅಂದರೆ, ಅಪ್ಪ ಎರಡನೇ ಸಲ ಹಾಕಿಸಿಕೊಂಡರು ಎಂದು ಆ ಹುಡುಗಿ ಹೇಳಿದ್ದಾಳೆ. ನನಗೇನು ಹೊರೆ, ಬೇಕಾದರೆ ಗುಳಿಗೆ ನುಂಗಲಿ ಎಂದು ಅಕ್ಕಾವರು ಅಂದರೆ, ಅವ್ವ ನಿನ್ನ ಬಿಪಿ ನೆನೆದು ನಿದ್ದೆ ಮಾಡಿಲ್ಲ ಎಂದು ಇತ್ತ ಕಡೆ ಹೇಳಿದ್ದಾಳೆ. ಅಷ್ಟು ವರ್ಷ ಆ ಮನೆಯಲ್ಲಿ ಹೋದ ಮಾತು ಒಂದು, ಮುಟ್ಟಿದ ಮಾತು ಇನ್ನೊಂದು. ಅವಳು ಹಾಗೆ ಸಕ್ಕರೆ ಹಚ್ಚಿ ದಾಟಿಸಿರದಿದ್ದರೆ ಇವರು ಎಂದೋ ಎದುರಾಬದುರು ನಿಂತು ಕೂಗಾಡಿ ಮುಗಿಸಿಕೊಳ್ಳುತ್ತಿದ್ದರೇನೋ ಎಂದು ನನಗನ್ನಿಸಿತು.

ಅಕ್ಕಾವರು ತಲೆಯೆತ್ತಿ ಗಂಡನನ್ನು ನೋಡಿದರು. “ಹಂಗಾರ ದೀಪಾವಳಿಗೆ ನೀವು ತಪ್ಪಾತು ಅಂತ ಹೇಳಿ ಕಳಿಸಿದ್ದು?”

ಸಾಹುಕಾರರು ಒದ್ದೆ ಟವೆಲ್ ಹಿಂಡತೊಡಗಿದರು. ಆಕೆಯೇ ಮುಂದೆ ಹೇಳಿದರು.

“ಬಾಯಾರೆ ಬಂದು ಅನ್ಲಿ, ಆಮ್ಯಾಲ ಮಾತಾಡಿದ್ರಾತು ಅಂತ ಕಾದೆ. ಇವತ್ತಿನ ತನಾ ಕಾದೇನಿ.”

ನನ್ನ ಕೈ ನಿಂತುಹೋಗಿತ್ತು. ಹೂಂ, ನಾನೇ ಹೇಳಿ ಕಳಿಸಿದ್ದೆ ಎಂದು ಒಂದು ಸುಳ್ಳು ಹೇಳಿಬಿಡಪ್ಪಾ, ನಿನ್ನ ಗಂಟೇನು ಹೋಗುತ್ತದೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ನಾ ಹೇಳಿ ಕಳಿಸಿರಲಿಲ್ಲ,” ಎಂದರು ಸಾಹುಕಾರರು. “ಅನಬೇಕಂತ ಇತ್ತು. ಬಾಯಿಗೆ ಬರಲಿಲ್ಲ. ಈಗ ಅಂತೇನಿ, ಕೇಳು. ನಂದು ತಪ್ಪಾತು.”

ಅಕ್ಕಾವರು ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡದ್ದು ಬೆವರಲ್ಲ. “ಆಕಿ ಹೇಳಿದ್ದು ಇದಕ್ಕಿಂತ ಚಂದ ಇತ್ತು,” ಎಂದರು. ಸಾಹುಕಾರರು ಮೊದಲು ನಕ್ಕರು, ಆಮೇಲೆ ಆಕೆಯೂ ನಕ್ಕರು.

ಬಿಸಿಲು ಇಳಿಯುವ ಹೊತ್ತಿಗೆ ನೀರು ಏರಿ ದೋಣಿ ಮೆಲ್ಲಗೆ ಎದ್ದಿತು. ಡ್ರಮ್ಮಿಗೆ ನೀರು ತುಂಬಿ ಹ್ಯಾಂಡಲ್ ಸುತ್ತಿದೆ, ಮೂರನೇ ಸಲಕ್ಕೆ ಎಂಜಿನ್ ಹೊಡೆಯಿತು. ಎಡಕ್ಕೆ ಎಂದು ನಾನು ಕೂಗಿದರೆ ಯಾರ ಕಿವಿಗೂ ಬೀಳಲಿಲ್ಲ. ಇಬ್ಬರೂ ಮುಂಬದಿಯಲ್ಲಿ ಕೂತು ಜೋರು ಜೋರಾಗಿ ಮಗಳನ್ನು ಬೈಯುತ್ತಿದ್ದರು. ಇಷ್ಟು ಸುಳ್ಳು ಹೇಳುವುದನ್ನು ಯಾರಿಂದ ಕಲಿತಳು, ನಿಮ್ಮ ಕಡೆಯವರಿಂದಲೋ ನನ್ನ ಕಡೆಯವರಿಂದಲೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ದೋಣಿ ಎರಡು ಸಲ ದಂಡೆಗೆ ಉಜ್ಜಿತು. ನಾನೊಬ್ಬನೇ ಚುಕ್ಕಾಣಿಗೆ ಜೋತು ಬಿದ್ದು, ಇವರು ಮಾತು ಬಿಟ್ಟಿದ್ದಾಗಲೇ ದೋಣಿ ಚೆನ್ನಾಗಿ ನಡೆಯುತ್ತಿತ್ತಲ್ಲ ಎಂದು ಗೊಣಗಿದೆ.

ಅಷ್ಟರಲ್ಲಿ ಮಗಳ ಫೋನ್ ಬಂತು. ಎಂಜಿನ್ ಸಣ್ಣಗೆ ಮಾಡಿ ಎತ್ತಿಕೊಂಡೆ. ಏನಾಯಿತು ಎಂದು ಕೇಳಲೂ ಅವಳಿಗೆ ಧೈರ್ಯವಿದ್ದಂತಿರಲಿಲ್ಲ, ಊಟ ಮಾಡಿದಿರಾ ಎಂದು ಕೇಳಿದಳು.

“ಊಟ ಇರ್ಲಿ ತಂಗಿ, ಮನಿಗೆ ಬಂದಮ್ಯಾಲ ನಿನಗ ಐತಿ. ನಿಮ್ಮ ಅಪ್ಪ ಅವ್ವ ಇಬ್ಬರೂ ಕೂಡಿ ನಿನ್ನ ಬೈಯಾಕತ್ತಾರ,” ಎಂದೆ.

“ಇಬ್ಬರೂ ಕೂಡೇನ್ರಿ?” ಎಂದಳು.

“ಹೂಂನವ್ವಾ. ಕೂಡೇ.”

ಆಮೇಲೆ ಬಹಳ ಹೊತ್ತು ಅವಳು ಅಳುವುದಷ್ಟೇ ಕೇಳಿಸುತ್ತಿತ್ತು. ನಾನು ಫೋನ್ ಇಡಲಿಲ್ಲ.